ಆರ್‌ಸಿ ಬೋಟ್‌ನ ನಿಜವಾದ ಟಾಪ್ ಸ್ಪೀಡ್ ಅಳೆಯೋದು ಹೇಗೆ

ಹೊಸದಾಗಿ ಆರ್‌ಸಿ ಬೋಟ್, ಅಂದ್ರೆ ರಿಮೋಟಲ್ಲಿ ಓಡಿಸೋ ಚಿಕ್ಕ ಬೋಟ್, ತಗೊಂಡವರೆಲ್ಲ ಕೇಳೋ ಮೊದಲನೇ ಪ್ರಶ್ನೆ ಒಂದೇ, ಇದು ಎಷ್ಟು ಹೋಗುತ್ತೆ? ಡಬ್ಬದ ಮೇಲೆ ಒಂದು ನಂಬರ್ ಇರುತ್ತೆ, ಯೂಟ್ಯೂಬಲ್ಲಿ ಇನ್ನೊಂದು ಹೇಳ್ತಾರೆ, ಪಕ್ಕದಲ್ಲಿ ನಿಂತು ನೋಡ್ತಿರೋ ಫ್ರೆಂಡು "ಮಗಾ ನೂರು ಪಕ್ಕಾ" ಅಂತಾನೆ. ನೀರಿನ ಮೇಲೆ ಕಣ್ಣಂದಾಜು ನಡೆಯಲ್ಲ, ಬೋಟ್ ಚಿಕ್ಕದು, ಹಿಂದೆ ಏಳೋ ನೀರು ದೊಡ್ಡದು, ಮೋಟರ್ ಕಿರುಚಾಟ ಬೇರೆ, ಹಿಂಗಾಗಿ 35ರಲ್ಲಿ ಹೋಗೋದೂ 70 ಥರ ಕಾಣುತ್ತೆ. ಅಳೆದೇ ನೋಡ್ಬೇಕು. ಆದ್ರೆ ಅಳೆಯೋದ್ರಲ್ಲೂ ಒಂದು ಕಿತಾಪತಿ ಇದೆ, ಇಲ್ಲಿ ಆಗೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ನಮಗೆ ಖುಷಿ ಕೊಡೋ ಕಡೆಗೇ ವಾಲುತ್ತೆ, ಅಂದ್ರೆ ಇರೋದಕ್ಕಿಂತ ಜಾಸ್ತಿ ಸ್ಪೀಡ್ ತೋರಿಸುತ್ತೆ. ಅದಕ್ಕೇ ನನ್ನ ಲೆಕ್ಕದಲ್ಲಿ, ಸ್ಕ್ರೀನ್ ಮೇಲೆ ಬಂದ ಅತಿ ದೊಡ್ಡ ನಂಬರ್ರೇ ಮೊದಲು ಅನುಮಾನ ಪಡಬೇಕಾದ ನಂಬರ್.

ಮೊದಲು ಯೂನಿಟ್ ಸರಿ ಮಾಡ್ಕೊಳ್ಳಿ. ಅಮೆರಿಕದ ಕಂಪನಿಗಳು ಎಂಪಿಎಚ್ ಅಂದ್ರೆ ಗಂಟೆಗೆ ಮೈಲಿ ಬರೀತಾರೆ, ಚೀನಾದಿಂದ ಬರೋ ಬೋಟ್‌ಗಳಲ್ಲಿ ಹೆಚ್ಚಾಗಿ ಕಿಲೋಮೀಟರ್ ಇರುತ್ತೆ. ಮೈಲಿನ 1.609ರಿಂದ ಗುಣಿಸಿದ್ರೆ ಕಿಲೋಮೀಟರ್. ಟ್ರಾಕ್ಸಸ್ ಸ್ಪಾರ್ಟನ್ ಅನ್ನೋ ಬೋಟಿಗೆ 50 ಮೈಲಿಗಿಂತ ಜಾಸ್ತಿ ಅಂತ ಹೇಳ್ತಾರೆ, ಅಂದ್ರೆ 80 ಕಿಲೋಮೀಟರ್ ಆಯ್ತು, ಆದ್ರೆ ಅದು ಎರಡು 3ಎಸ್ ಲೈಪೋ (ಮೂರು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಿ ಒಟ್ಟು 6ಎಸ್, ಅಂದ್ರೆ ಆರು ಸೆಲ್ ಕೊಟ್ಟಾಗಿನ ಮಾತು, ಕಮ್ಮಿ ಬ್ಯಾಟರಿ ಹಾಕಿ ಅಷ್ಟು ಬರ್ಲಿಲ್ಲ ಅಂತ ಗೊಣಗಿ ಪ್ರಯೋಜನ ಇಲ್ಲ. ಇನ್ನೊಂದು "ಸ್ಕೇಲ್ ಸ್ಪೀಡ್" ಅನ್ನೋ ಮೋಜಿದೆ. ನಿಜವಾದ ದೊಡ್ಡ ಬೋಟಿನ ಹತ್ತನೇ ಒಂದು ಭಾಗದ ಸೈಜಿನ ಬೋಟ್ 40 ಕಿ.ಮೀ. ಹೋದ್ರೆ ಅದನ್ನ ಹತ್ತರಿಂದ ಗುಣಿಸಿ 400 ಅಂತ ಹೇಳ್ಕೊಳ್ಳೋದು. ನೀರಿನ ಮೇಲೆ ಈ ಲೆಕ್ಕ ನಡೆಯಲ್ಲ ಸ್ವಾಮಿ. ವಿಲಿಯಂ ಫ್ರೌಡ್ ಅನ್ನೋ ಇಂಗ್ಲಿಷ್ ಇಂಜಿನಿಯರ್ 19ನೇ ಶತಮಾನದಲ್ಲೇ ಹಡಗಿನ ಮಾದರಿಗಳನ್ನ ನೀರಿನ ತೊಟ್ಟಿಯಲ್ಲಿ ಎಳೆಸಿ ತೋರಿಸಿದ್ದ ಪ್ರಕಾರ ಗುಣಿಸಬೇಕಾದ್ದು ಹತ್ತರ ವರ್ಗಮೂಲದಿಂದ, ಅಂದ್ರೆ 3.16, ಅಲ್ಲಿಗೆ 126 ಆಗುತ್ತೆ. ಅದೂ ನಮಗೆ ಬೇಡ, ನಮಗೆ ಬೇಕಿರೋದು ಬೋಟ್ ನಿಜವಾಗಿ ಹೋದ ಸ್ಪೀಡ್.

ಜಾಗದ ವಿಷಯಕ್ಕೆ ಬರೋಣ. ನಮ್ಮ ಕಡೆ ಇದಕ್ಕೆ ಕೆರೆ ಏರಿಯಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ. ಏರಿ ಹೆಚ್ಚಾಗಿ ನೇರವಾಗಿರುತ್ತೆ, ನೀರಿಗಿಂತ ಎತ್ತರದಲ್ಲಿರುತ್ತೆ ಹಂಗಾಗಿ ಬೋಟ್ ಚೆನ್ನಾಗಿ ಕಾಣುತ್ತೆ, ಮತ್ತೆ ಏರಿ ಉದ್ದಕ್ಕೂ ಟೇಪ್ ಹಿಡಿದು ದೂರ ಅಳೀಬಹುದು. ಆದ್ರೆ ತೂಬಿನ ಹತ್ರ, ಕೋಡಿ ಹತ್ರ ಬೋಟ್ ಬಿಡಬೇಡಿ, ಅಲ್ಲಿ ನೀರಿನ ಸೆಳೆತ ಇರುತ್ತೆ, ಬೋಟ್ ಆಫ್ ಆದ್ರೆ ಹೋಯ್ತು. ಅಂತರಗಂಗೆ ಬೆಳೆದಿರೋ ಕಡೆಯೂ ಬೇಡ, ಒಂದೇ ಒಂದು ಬೇರು ಪ್ರಾಪಿಗೆ (ಬೋಟನ್ನ ಮುಂದೆ ತಳ್ಳೋ ಪ್ರೊಪೆಲ್ಲರ್‌ಗೆ) ಸುತ್ಕೊಂಡ್ರೆ ಮೋಟರ್ ಸುಡುತ್ತೆ. ಕೆರೆ ನೋಡ್ಕೊಳ್ಳೋ ಪಂಚಾಯ್ತಿನೋ ಇಲಾಖೆನೋ ಯಾರಿದ್ದಾರೋ ಅವರ ಹತ್ರ ಒಂದು ಮಾತು ಕೇಳಿ. ಮೀನು ಹಿಡಿಯೋರ ಬಲೆ, ಎಮ್ಮೆ ತೊಳೆಯೋರು, ಈಜಾಡೋ ಹುಡುಗ್ರು, ನೀರುಕೋಳಿ, ಇವೇನೂ ಇಲ್ಲದ ಹೊತ್ತು ನೋಡ್ಕೊಳ್ಳಿ. ಇದನ್ನ ಸುಮ್ನೆ ಹೇಳ್ತಿಲ್ಲ, 3 ಕೆ.ಜಿ. ಬೋಟ್ 60ರಲ್ಲಿ ಬರ್ತಿದೆ ಅಂದ್ರೆ ಅದ್ರಲ್ಲಿರೋ ಶಕ್ತಿ, 140 ಕಿ.ಮೀ. ಸ್ಪೀಡಲ್ಲಿ ಬರೋ ಕ್ರಿಕೆಟ್ ಲೆದರ್ ಬಾಲ್‌ಗಿಂತ ಮೂರು ಪಟ್ಟು ಜಾಸ್ತಿ. ಜೊತೆಗೆ ಬಾಲಿಗೆ ಸ್ಟೀಲ್ ಪ್ರಾಪ್ ಇರಲ್ಲ.

ಹೊತ್ತು ಅಂದ್ರೆ ಬೆಳಗ್ಗೆ ಎಂಟರ ಒಳಗೆ. ಆಷಾಢದ ಗಾಳಿ ಹೊಡೀತಿರುವಾಗ ಮಧ್ಯಾಹ್ನ ಹೋಗಿ ಟಾಪ್ ಸ್ಪೀಡ್ ಅಳೀತೀನಿ ಅಂದ್ರೆ ಬೋಟ್ ಮಗುಚೋದನ್ನ ಮಾತ್ರ ಅಳೀಬಹುದು, ಅದ್ರಲ್ಲೂ ಕ್ಯಾಟಮರಾನ್ ಥರದ ಎರಡು ಹಲ್ (ನೀರಿಗೆ ತಾಗೋ ಬೋಟಿನ ಒಡಲು) ಇರೋ ಬೋಟ್‌ಗಳು ಎದುರುಗಾಳಿಗೆ ಮೂಗೆತ್ತಿ ಹಿಂದಕ್ಕೆ ಪಲ್ಟಿ ಹೊಡೀತವೆ. ಹಂಗಂತ ಕನ್ನಡಿ ಥರ ನಿಂತ ನೀರೇ ಬೇಕು ಅಂತೇನಿಲ್ಲ, ಸಣ್ಣದಾಗಿ ನಿರಿಗೆ ಬಿದ್ದ ನೀರಲ್ಲಿ ಹಲ್ ಅಂಟ್ಕೊಳ್ಳದೆ ಸಲೀಸಾಗಿ ಬಿಡಿಸ್ಕೊಳ್ಳುತ್ತೆ.

ಈಗ ಅಳತೆ. ನಮ್ಮ ಹುಡುಗ್ರಲ್ಲಿ ಹೆಚ್ಚಿನವರು ಜಿಪಿಎಸ್ ಉಪಯೋಗಿಸ್ತಾರೆ, ನಾನೂ ಅದನ್ನೇ ಮೊದಲು ಹೇಳೋದು. ಆರ್‌ಸಿಗೆ ಅಂತಲೇ ಬೆಂಕಿಪೊಟ್ಟಣದ ಸೈಜಿನ ಜಿಪಿಎಸ್ ಸ್ಪೀಡ್ ಮೀಟರ್‌ಗಳು ಸಿಗ್ತವೆ, ಸ್ಕೈಆರ್‌ಸಿ ಕಂಪನಿದು ಜನಕ್ಕೆ ಗೊತ್ತಿರೋದು. ಇವು ಸೆಕೆಂಡಿಗೆ ಹತ್ತು ಸಲ ರೀಡಿಂಗ್ ತಗೊಳ್ಳೋ ಥರದ್ದು ಆಗಿದ್ರೆ ಒಳ್ಳೇದು. ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ತಗೊಳ್ಳುತ್ತೆ, 60 ಕಿ.ಮೀ. ಅಂದ್ರೆ ಸೆಕೆಂಡಿಗೆ 16.7 ಮೀಟರ್, ಎರಡು ರೀಡಿಂಗ್ ಮಧ್ಯೆ ಬೋಟ್ ಅಷ್ಟು ದೂರ ಹೋಗಿರುತ್ತೆ. ಜೊತೆಗೆ ಫೋನಿನ ಸಾಫ್ಟ್‌ವೇರ್ ರೀಡಿಂಗ್‌ಗಳನ್ನ ನಯ ಮಾಡಿ ತೋರಿಸುತ್ತೆ, ಹಂಗಾಗಿ ನೀವು ಮೂರೇ ಸೆಕೆಂಡ್ ಫುಲ್ ಥ್ರಾಟಲ್ ಕೊಟ್ಟು ಬಿಟ್ರೆ ನಿಜವಾದ ಟಾಪ್ ಸ್ಪೀಡ್ ಅದಕ್ಕೆ ಸಿಗೋದೇ ಇಲ್ಲ. ಫೋನಿನ ತೂಕ ಸುಮಾರು 200 ಗ್ರಾಂ, ಚಿಕ್ಕ ಬೋಟಿಗೆ ಅದೇ ಒಂದು ಹೊರೆ, ಅದನ್ನ ಮುಂದೆ ಇಟ್ರೆ ಮೂಗು ತಗ್ಗುತ್ತೆ, ಹಿಂದೆ ಇಟ್ರೆ ಮೂಗು ಏಳುತ್ತೆ, ಒಟ್ಟಲ್ಲಿ ಅಳೀತಿರೋದು ಬೇರೆ ಬೋಟೇ ಆಗೋಗುತ್ತೆ. ಫೋನೇ ಗತಿ ಅಂದ್ರೆ ಹಳೇ ಫೋನ್ ಹುಡುಕಿ, ಸಿಮ್ ತೆಗೆದು, ಬೋಟ್‌ನ ತೂಕದ ಮಧ್ಯಕ್ಕೆ ಬರೋ ಹಂಗೆ ಇಡಿ.

ಮೀಟರನ್ನ ಜಿಪ್‌ಲಾಕ್ ಕವರ್ ಒಳಗೆ ಹಾಕಿ, ಆಂಟೆನಾ ಇರೋ ಮುಖ ಆಕಾಶಕ್ಕೆ ಮಾಡಿ, ವೆಲ್ಕ್ರೋ ಅಂಟಿಸಿ ಮೇಲಿಂದ ಟೇಪ್ ಸುತ್ತಿ. ಇಎಸ್‌ಸಿ (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಸರ್ಕ್ಯೂಟ್), ಮೋಟರ್ ವೈರ್, ರಿಸೀವರ್ ಇವುಗಳಿಂದ ಆದಷ್ಟು ದೂರ ಇರ್ಲಿ. ಬೋಟ್ ಕಾರ್ಬನ್ ಫೈಬರ್‌ದಾಗಿದ್ರೆ ಒಳಗಡೆ ಇಡಬೇಡಿ, ಕಾರ್ಬನ್ ಸಿಗ್ನಲ್ ತಡೆಯುತ್ತೆ, ಹ್ಯಾಚ್ (ಬೋಟಿನ ಮೇಲಿನ ಮುಚ್ಚಳ) ಮೇಲೆ ಅಂಟಿಸಿ. ಪ್ಲಾಸ್ಟಿಕ್, ಗ್ಲಾಸ್ ಫೈಬರ್ ಬೋಟ್‌ಗಳಿಗೆ ಒಳಗಿಟ್ರೂ ನಡೆಯುತ್ತೆ. ಹ್ಯಾಚ್ ಮೇಲೆ ಹಾಕಿದ್ರೆ ಒಂದು ತುಂಡು ಥರ್ಮಾಕೋಲ್ ದಾರದಲ್ಲಿ ಕಟ್ಟಿ ಬಿಡಿ, ಕಿತ್ತು ಬಿದ್ರೆ ತೇಲುತ್ತೆ. ಆಮೇಲೆ ಮೀಟರ್ ಆನ್ ಮಾಡಿದ ತಕ್ಷಣ ಬೋಟ್ ಬಿಡೋ ಅವಸರ ಬೇಡ, ಬಯಲಲ್ಲಿ ಎರಡು ಮೂರು ನಿಮಿಷ ಸುಮ್ನೆ ಇಟ್ಟು ಸ್ಯಾಟಲೈಟ್‌ಗಳು ಸರಿಯಾಗಿ ಸಿಕ್ಕಿದ್ಮೇಲೆ ಬಿಡಿ.

ಜಿಪಿಎಸ್ ಸ್ಪೀಡನ್ನ ಹೆಂಗೆ ಕಂಡುಹಿಡಿಯುತ್ತೆ ಅಂತ ಗೊತ್ತಿದ್ರೆ ಅದನ್ನ ಎಲ್ಲಿ ನಂಬಬೇಕು ಎಲ್ಲಿ ಬಿಡಬೇಕು ಅಂತಲೂ ಗೊತ್ತಾಗುತ್ತೆ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಎಷ್ಟು ದೂರ ಅಂತ ಭಾಗಿಸಿ ಹೇಳುತ್ತೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಒಳ್ಳೇ ಮೀಟರ್‌ಗಳು ಹಂಗೆ ಮಾಡಲ್ಲ, ಸ್ಯಾಟಲೈಟ್ ಸಿಗ್ನಲ್‌ನ ಫ್ರೀಕ್ವೆನ್ಸಿ ಎಷ್ಟು ಬದಲಾಗಿದೆ ಅಂತ ನೋಡಿ ಸ್ಪೀಡ್ ಲೆಕ್ಕ ಹಾಕ್ತವೆ, ಡಾಪ್ಲರ್ ಲೆಕ್ಕ. ಅದಕ್ಕೇ ಜಾಗ ಎರಡು ಮೂರು ಮೀಟರ್ ಆಚೆ ಈಚೆ ಆದ್ರೂ, ಆಕಾಶ ತೆರೆದಿದ್ರೆ ಸ್ಪೀಡ್ ಮಾತ್ರ ಅರ್ಧ ಕಿಲೋಮೀಟರ್ ಒಳಗೆ ಕರೆಕ್ಟಾಗಿರುತ್ತೆ. ಕೈ ಕೊಡೋದು ಬೋಟ್ ಜೋರಾಗಿ ತಿರುಗಿದಾಗ, ಅಲೆ ಮೇಲೆ ಹಾರಿದಾಗ, ಮಗುಚಿದಾಗ. ಆಂಟೆನಾ ನೀರಿನ ಕಡೆ ತಿರುಗಿದ ಕ್ಷಣ ಸಿಗ್ನಲ್ ತಪ್ಪುತ್ತೆ, ವಾಪಸ್ ಸಿಗುವಾಗ ಮೀಟರ್ ಏನೋ ಒಂದು ದೊಡ್ಡ ನಂಬರ್ ಬರ್ಕೊಂಡು ಕೂತಿರುತ್ತೆ. "ಮ್ಯಾಕ್ಸ್ ಸ್ಪೀಡ್ 112" ಅಂತ ಫೋಟೋ ಹಾಕಿ ಕುಣಿಯೋದು ಇದೇ ನಂಬರ್ ಇಟ್ಕೊಂಡು. ಹಂಗಾಗಿ ಮ್ಯಾಕ್ಸ್ ಅನ್ನೋ ಒಂದೇ ಅಂಕಿ ನೋಡಬೇಡಿ, ಗ್ರಾಫ್ ತೆಗೆದು ನೋಡಿ. ನಿಜವಾದ ಟಾಪ್ ಸ್ಪೀಡ್ ಅಂದ್ರೆ ಗ್ರಾಫ್ ಏರಿ, ಮೇಲೆ ಸಮತಟ್ಟಾಗಿ ಎರಡು ಮೂರು ಸೆಕೆಂಡ್ ನಿಲ್ಲುತ್ತಲ್ಲ ಅದು. ಸೂಜಿ ಥರ ಒಂದೇ ಪಾಯಿಂಟ್ ಮೇಲಕ್ಕೆ ಚುಚ್ಚಿದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡಿ. ಅರ್ಧ ಸೆಕೆಂಡಲ್ಲಿ 60ರಿಂದ 90ಕ್ಕೆ ಹೋಗೋ ಬೋಟ್ ಇನ್ನೂ ಯಾರೂ ಮಾರ್ತಿಲ್ಲ.

ದುಡ್ಡು ಖರ್ಚು ಮಾಡದೆ ಅಳೀಬೇಕು ಅನ್ನೋರಿಗೆ ಹಳೇ ವಿಧಾನ, ಎರಡು ಗೆರೆ ಮತ್ತೆ ಸ್ಟಾಪ್‌ವಾಚ್. ಇದನ್ನ ಹೀನಾಯವಾಗಿ ನೋಡಬೇಡಿ, ಅಮೆರಿಕದ ನಾಂಬಾ ಅನ್ನೋ ಮಾಡೆಲ್ ಬೋಟ್ ಅಸೋಸಿಯೇಷನ್‌ನಲ್ಲಿ ನೇರ ಓಟದ ರೆಕಾರ್ಡ್‌ಗಳನ್ನ ಹಿಡಿಯೋದು ಈಗಲೂ 330 ಅಡಿ, ಅಂದ್ರೆ ಮೈಲಿಯ ಹದಿನಾರನೇ ಒಂದು ಭಾಗ, ನಮ್ಮ ಲೆಕ್ಕಕ್ಕೆ ನೂರು ಮೀಟರ್ ಚಿಲ್ಲರೆ ದೂರಕ್ಕೆ ಹಿಡಿದ ಟೈಮಿಂದಲೇ. ನೀವೂ ನೂರು ಮೀಟರ್ ಇಟ್ಕೊಳ್ಳಿ, ಅದಕ್ಕೆ ಮುಂಚೆ ಸ್ಪೀಡ್ ಹಿಡಿಯೋಕೆ ಒಂದು 50 ಮೀಟರ್, ಆಮೇಲೆ ನಿಲ್ಲಿಸೋಕೆ 50 ಮೀಟರ್, ಒಟ್ಟು 200 ಮೀಟರ್ ಖಾಲಿ ನೀರು ಬೇಕು. ಮೇಸ್ತ್ರಿಗಳ ಹತ್ರ ಇರೋ 30 ಮೀಟರ್ ಟೇಪ್ ಇಸ್ಕೊಂಡು ಏರಿ ಮೇಲೆ ನೂರು ಮೀಟರ್ ಅಳೆದು ಎರಡೂ ತುದಿಯಲ್ಲಿ ಒಂದೊಂದು ಕೋಲು ನೆಡಿ. ಬರೀ ಒಂದೊಂದು ಕೋಲು ಸಾಲಲ್ಲ, ಯಾಕಂದ್ರೆ ನೀವು ತಲೆ ಸ್ವಲ್ಪ ಆಚೆ ಈಚೆ ಮಾಡಿದ್ರೆ ಗೆರೆ ಬದಲಾಗುತ್ತೆ. ಪ್ರತಿ ತುದಿಯಲ್ಲೂ ಎರಡು ಕೋಲು, ಒಂದು ನೀರಿನ ಅಂಚಲ್ಲಿ, ಇನ್ನೊಂದು ಅದಕ್ಕಿಂತ ನಾಲ್ಕು ಮೀಟರ್ ಹಿಂದೆ, ಎರಡೂ ಕೋಲು ಒಂದರ ಹಿಂದೆ ಒಂದು ಮುಚ್ಕೊಂಡು ಕಾಣೋ ಹಂಗೆ ನಿಂತು ನೋಡಬೇಕು, ಬೋಟ್ ಆ ಗೆರೆ ದಾಟಿದಾಗ ಟೈಮ್. ಈ ಎರಡೂ ಗೆರೆ ಏರಿಗೆ ಕರೆಕ್ಟಾಗಿ ಅಡ್ಡ ಇರ್ಬೇಕು, ಇದಕ್ಕೆ ಪಾಯ ಹಾಕುವಾಗ ಮೂಲೆ ಹಿಡಿಯೋಕೆ ಮೇಸ್ತ್ರಿಗಳು ಮಾಡೋ 3-4-5 ಲೆಕ್ಕನೇ ಸಾಕು, ಏರಿ ಉದ್ದಕ್ಕೆ 3 ಮೀಟರ್, ಹಿಂದಕ್ಕೆ 4 ಮೀಟರ್, ಓರೆಯಾಗಿ 5 ಮೀಟರ್ ಬಂದ್ರೆ ಮೂಲೆ ಕೂತಿದೆ ಅಂತ. ಹಿಂದಿನ ಕೋಲು ಹತ್ತೇ ಸೆಂಟಿಮೀಟರ್ ಪಕ್ಕಕ್ಕೆ ಹೋದ್ರೂ 40 ಮೀಟರ್ ಆಚೆ ನೀರಲ್ಲಿ ಗೆರೆ ಒಂದು ಮೀಟರ್ ಸರಿದಿರುತ್ತೆ. ಗೆರೆಗಳು ಸಮಾನಾಂತರವಾಗಿದ್ರೆ ಬೋಟ್ ದಡದ ಹತ್ರ ಹೋದ್ರೂ ದೂರ ಹೋದ್ರೂ ನೂರು ಮೀಟರ್ ನೂರೇ, ಏರಿಗೆ ಸರಿಸಮ ಹೋದ್ರೆ ಸಾಕು.

ಲೆಕ್ಕ ಸುಲಭ. ಮೀಟರನ್ನ ಸೆಕೆಂಡಿಂದ ಭಾಗಿಸಿ 3.6ರಿಂದ ಗುಣಿಸಿ. ನೂರು ಮೀಟರ್ 6 ಸೆಕೆಂಡಲ್ಲಿ ಹೋದ್ರೆ 60 ಕಿ.ಮೀ.

ಕಷ್ಟ ಇರೋದು ಗುಂಡಿ ಒತ್ತೋದ್ರಲ್ಲಿ. ಮೊದಲನೇ ಗೆರೆ ಹತ್ರ ನಿಂತವನು "ಹೂಂ" ಅಂತ ಕೂಗ್ತಾನೆ, ಎರಡನೇ ಗೆರೆ ಹತ್ರ ನಿಂತವನು ವಾಚ್ ಸ್ಟಾರ್ಟ್ ಮಾಡ್ತಾನೆ, ಬೋಟ್ ತನ್ನ ಗೆರೆ ದಾಟಿದಾಗ ನಿಲ್ಲಿಸ್ತಾನೆ. ಇದ್ರಲ್ಲಿ ಏನಾಗುತ್ತೆ ನೋಡಿ, ನೂರು ಮೀಟರ್ ದಾಟಿ ಕೂಗು ಕೇಳೋಕೆ 0.29 ಸೆಕೆಂಡ್ ಬೇಕು, ಕೇಳಿ ಬೆರಳು ಒತ್ತೋಕೆ ಇನ್ನೊಂದು ಕಾಲು ಸೆಕೆಂಡ್. ಅಂದ್ರೆ ವಾಚ್ ಅರ್ಧ ಸೆಕೆಂಡಿಗಿಂತ ಜಾಸ್ತಿ ಲೇಟಾಗಿ ಶುರುವಾಯ್ತು. ಆದ್ರೆ ನಿಲ್ಲಿಸುವಾಗ ಬೋಟ್ ಬರೋದು ಕಣ್ಣಿಗೆ ಕಾಣ್ತಿರೋದ್ರಿಂದ ಕರೆಕ್ಟಾಗಿ ಒತ್ತುತ್ತಾನೆ. 6 ಸೆಕೆಂಡ್ ಹೋಗಿ 5.46 ಆಯ್ತು, 60ರ ಬೋಟ್ 66 ಆಗೋಯ್ತು, ಪುಕ್ಸಟ್ಟೆ ಆರು ಕಿಲೋಮೀಟರ್! ಕೂಗೋ ಬದಲು ಬಾವುಟ ಕೆಳಗಿಳಿಸಿದ್ರೆ ಸದ್ದಿನ ತಪ್ಪು ಹೋಗುತ್ತೆ, ಬೆರಳಿನದು ಉಳಿಯುತ್ತೆ. ಬಾವುಟ ಹಿಡಿದವನು ಬೋಟ್ ಬರೋದನ್ನ ನೋಡ್ತಾ ಕೈ ಮೇಲೆತ್ತಿ, ಒಂದೇ ತಾಳದಲ್ಲಿ ಇಳಿಸ್ತಾ ಬಂದು ಗೆರೆ ದಾಟೋ ಕ್ಷಣಕ್ಕೆ ಕೈ ಪೂರ್ತಿ ಕೆಳಗೆ ಬರೋ ಹಂಗೆ ಮಾಡಿದ್ರೆ, ವಾಚ್ ಹಿಡಿದವನೂ ಅಂದಾಜು ಮಾಡಿ ಅದೇ ಕ್ಷಣಕ್ಕೆ ಒತ್ತಬಹುದು, ಆಗ ತಪ್ಪು ತುಂಬಾ ಕಮ್ಮಿ ಆಗುತ್ತೆ. ಮತ್ತೆ ದೂರ ಕಮ್ಮಿ ಮಾಡಬೇಡಿ, 50 ಮೀಟರ್‌ಗೆ ಇದೇ ತಪ್ಪು ಎರಡರಷ್ಟಾಗುತ್ತೆ.

ವಿಡಿಯೋದಲ್ಲೂ ಮಾಡಬಹುದು. ನೀರಲ್ಲಿ ಹತ್ತು ಮೀಟರ್ ಅಂತರಕ್ಕೆ ಎರಡು ಖಾಲಿ ನೀರಿನ ಬಾಟಲಿ ಕಲ್ಲು ಕಟ್ಟಿ ತೇಲಿಬಿಡಿ, ಫೋನನ್ನ ಅಲುಗಾಡದ ಹಂಗೆ ಟ್ರೈಪಾಡ್ ಮೇಲೆ ಇಟ್ಟು ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್ ಹಾಕಿ. 60 ಕಿ.ಮೀ. ಬೋಟ್ ಈ ಹತ್ತು ಮೀಟರ್‌ನ 0.6 ಸೆಕೆಂಡಲ್ಲಿ ದಾಟುತ್ತೆ, ಅಂದ್ರೆ 144 ಫ್ರೇಮ್. ಒಂದೆರಡು ಫ್ರೇಮ್ ಎಣಿಕೆ ತಪ್ಪಿದ್ರೂ ನೂರಕ್ಕೆ ಒಂದರಷ್ಟು ವ್ಯತ್ಯಾಸ ಅಷ್ಟೇ. ಆದ್ರೆ ಬೋಟ್ ಬಾಟಲಿಗಳ ಸಾಲಲ್ಲೇ, ಇನ್ನೇನು ತಾಗುತ್ತೆ ಅನ್ನೋಷ್ಟು ಹತ್ರ ಹೋಗ್ಬೇಕು. ಬಾಟಲಿ ಫೋನಿಂದ 10 ಮೀಟರಲ್ಲಿದ್ದು ಬೋಟ್ 12 ಮೀಟರ್ ದೂರದಲ್ಲಿ ಹೋದ್ರೆ, ಸ್ಕ್ರೀನ್ ಮೇಲೆ ಹತ್ತು ಮೀಟರ್ ಥರ ಕಂಡಿದ್ದು ನಿಜವಾಗಿ 12 ಮೀಟರ್ ಆಗಿರುತ್ತೆ. ಬೋಟ್ ಬಾಟಲಿಗಳ ಈಚೆ ಹೋದ್ರೆ ಇದೇ ತಪ್ಪು ಉಲ್ಟಾ ಆಗಿ ಸ್ಪೀಡ್ ಜಾಸ್ತಿ ತೋರಿಸುತ್ತೆ, ಜನ ಅದನ್ನ ಖುಷಿಯಾಗಿ ಒಪ್ಕೊಳ್ತಾರೆ.

ರೇಡಾರ್ ಗನ್ ಇದ್ರೆ ಒಳ್ಳೇದೇ, ಆದ್ರೆ ಬೋಟ್ ನೇರವಾಗಿ ನಿಮ್ಮ ಕಡೆ ಬಂದಾಗ ಮಾತ್ರ ಸರಿ ತೋರಿಸುತ್ತೆ. ಓರೆಯಾಗಿ 10 ಡಿಗ್ರಿ ಇದ್ರೆ ನೂರಕ್ಕೆ ಒಂದೂವರೆ ಕಮ್ಮಿ, 20 ಡಿಗ್ರಿಗೆ 6 ಕಮ್ಮಿ, 30 ಡಿಗ್ರಿಗೆ 13 ಕಮ್ಮಿ. ಹಂಗಂತ ಬೋಟ್ ದಾರಿಗೆ ಎದುರಾಗಿ ಹೋಗಿ ನಿಲ್ಲಬೇಡಿ ಮತ್ತೆ, ಕ್ರಿಕೆಟ್ ಬಾಲ್ ಲೆಕ್ಕ ಹೇಳಿದ್ನಲ್ಲ. ಪ್ಲಾಸ್ಟಿಕ್ ಬೋಟಿಂದ ರೇಡಾರ್ ವಾಪಸ್ ಬರೋದೂ ಕಮ್ಮಿ, ಹಿಂದೆ ಏಳೋ ನೀರಿನ ರೆಕ್ಕೆಯಿಂದಲೂ ಒಂದಷ್ಟು ಬರುತ್ತೆ, ಹಂಗಾಗಿ ರೀಡಿಂಗ್ ಕುಣಿಯುತ್ತೆ.

ನನಗೆ ಇಷ್ಟವಾದ ವಿಧಾನ ಸದ್ದಿನದು. ಅಂಬುಲೆನ್ಸ್ ಹತ್ರ ಬರುವಾಗ ಸೈರನ್ ಕೀರಲಾಗಿ ಕೇಳಿ, ದಾಟಿದ ತಕ್ಷಣ ದಪ್ಪ ಆಗುತ್ತಲ್ಲ, ಬೋಟ್ ಮೋಟರಿಂದೂ ಅದೇ ಕಥೆ. ಫೋನ್ ದಡದಲ್ಲಿಟ್ಟು ರೆಕಾರ್ಡ್ ಮಾಡಿ, ಬೋಟ್ ಫುಲ್ ಥ್ರಾಟಲಲ್ಲಿ ಹತ್ರದಿಂದಲೇ ಹಾದು ಹೋಗ್ಲಿ. ಮನೆಗೆ ಬಂದು ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಸ್ಪೆಕ್ಟ್ರೋಗ್ರಾಮ್ (ಸದ್ದಿನ ಫ್ರೀಕ್ವೆನ್ಸಿ ಹೊತ್ತಿನ ಜೊತೆ ಹೆಂಗೆ ಬದಲಾಯ್ತು ಅಂತ ತೋರಿಸೋ ಚಿತ್ರ) ತೆಗೆದ್ರೆ ಮೋಟರ್ ಸದ್ದು ಗೆರೆಗಳ ಥರ ಕಾಣುತ್ತೆ, ಹಾದು ಹೋಗೋ ಜಾಗದಲ್ಲಿ ಗೆರೆ ಕೆಳಕ್ಕೆ ಇಳಿಯುತ್ತೆ. ಬರುವಾಗಿನ ಫ್ರೀಕ್ವೆನ್ಸಿಯಿಂದ ಹೋಗುವಾಗಿನದನ್ನ ಕಳೀರಿ, ಅದನ್ನ ಎರಡರ ಮೊತ್ತದಿಂದ ಭಾಗಿಸಿ, ಸದ್ದಿನ ವೇಗದಿಂದ ಗುಣಿಸಿ. 25 ಡಿಗ್ರಿ ಬಿಸಿಲಿಗೆ ಸದ್ದಿನ ವೇಗ ಸೆಕೆಂಡಿಗೆ 346 ಮೀಟರ್. ಬರುವಾಗ 5250 ಹರ್ಟ್ಜ್, ಹೋಗುವಾಗ 4750 ಅಂತಿಟ್ಕೊಳ್ಳಿ, ವ್ಯತ್ಯಾಸ 500, ಮೊತ್ತ 10000, ಅಂದ್ರೆ 0.05, ಅದನ್ನ 346ಕ್ಕೆ ಗುಣಿಸಿದ್ರೆ ಸೆಕೆಂಡಿಗೆ 17.3 ಮೀಟರ್, ಸುಮಾರು 62 ಕಿ.ಮೀ. ಬೋಟಿಗೆ ಏನೂ ಕಟ್ಟಂಗಿಲ್ಲ, ತೂಕ ಇಲ್ಲ, ಖರ್ಚಿಲ್ಲ. ಸ್ಪೆಕ್ಟ್ರೋಗ್ರಾಮಲ್ಲಿ ಆದಷ್ಟು ಮೇಲಿನ ಗೆರೆ ಹಿಡೀರಿ, ಸಾವಿರದ ಹತ್ರದ ಗೆರೆಯಲ್ಲಿ ವ್ಯತ್ಯಾಸ ನೂರೇ ಇರೋದ್ರಿಂದ ಓದೋದ್ರಲ್ಲಿ ಹತ್ತು ತಪ್ಪಿದ್ರೆ ಸ್ಪೀಡೂ ಹತ್ತು ಪರ್ಸೆಂಟ್ ತಪ್ಪುತ್ತೆ. ಬೋಟ್ ಕುಪ್ಪಳಿಸ್ತಿದ್ರೆ ಇದು ಬೇಡ, ಪ್ರಾಪ್ ನೀರಿಂದ ಮೇಲೆದ್ದಾಗ ಮೋಟರ್ ಸದ್ದೇ ಬದಲಾಗುತ್ತೆ.

ಯಾವ ವಿಧಾನ ಆದ್ರೂ ಹೋಗೋದು ಒಂದು ಸಲ, ವಾಪಸ್ ಬರೋದು ಒಂದು ಸಲ, ಎರಡೂ ಅಳೆದು ಸರಾಸರಿ. ದೊಡ್ಡ ಬೋಟ್‌ಗಳ ವಿಶ್ವ ದಾಖಲೆಗೂ ಇದೇ ನಿಯಮ. 1967ರ ಜನವರಿ 4ಕ್ಕೆ ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಬೆಲ್ ಬ್ಲೂಬರ್ಡ್ ಬೋಟಲ್ಲಿ ಒಂದು ಕಡೆ 297 ಮೈಲಿ, ಅಂದ್ರೆ 479 ಕಿ.ಮೀ. ಹತ್ರ ಹೋಗಿದ್ದ, ಇಂಧನ ತುಂಬಿಸ್ಕೊಳ್ಳದೆ ತಕ್ಷಣ ವಾಪಸ್ ತಿರುಗಿದ, ಆ ಓಟದಲ್ಲಿ ಬೋಟ್ ಮೂಗೆತ್ತಿ ಪಲ್ಟಿಯಾಗಿ ಸತ್ತೇ ಹೋದ. ಒಂದು ಕಡೆಯದ್ದು ಎಷ್ಟೇ ಇದ್ರೂ ದಾಖಲೆ ಅಂತ ಬರ್ಕೊಳ್ಳಲಿಲ್ಲ. ಈಗಿನ ದಾಖಲೆ ಆಸ್ಟ್ರೇಲಿಯಾದ ಕೆನ್ ವಾರ್ಬಿದು, 1978ರ ಅಕ್ಟೋಬರ್ 8, ಬ್ಲೋವೆರಿಂಗ್ ಡ್ಯಾಮ್ ಹಿನ್ನೀರಲ್ಲಿ 511 ಕಿ.ಮೀ., ಅದೂ ಎರಡು ಓಟದ ಸರಾಸರಿ. ನಮಗೂ ಎರಡು ಕಡೆ ಯಾಕೆ ಬೇಕು ಅಂದ್ರೆ, ಜಿಪಿಎಸ್ ಆಗ್ಲಿ ಸ್ಟಾಪ್‌ವಾಚ್ ಆಗ್ಲಿ ಹೇಳೋದು ನೆಲಕ್ಕೆ ಹೋಲಿಸಿದ ಸ್ಪೀಡ್. ಕಾಲುವೆಯಲ್ಲೋ ಹೊಳೆಯಲ್ಲೋ ನೀರು 5 ಕಿ.ಮೀ. ಹರೀತಿದ್ರೆ 50ರ ಬೋಟ್ ಒಂದು ಕಡೆ 55, ಇನ್ನೊಂದು ಕಡೆ 45 ತೋರಿಸುತ್ತೆ. ಸ್ಪೀಡ್‌ಗಳ ಸರಾಸರಿ ತಗೊಳ್ಳಿ, 50 ಬರುತ್ತೆ, ಟೈಮ್‌ಗಳನ್ನ ಕೂಡಿ ಭಾಗಿಸಿದ್ರೆ 49.5 ಬರುತ್ತೆ. ವಾಪಸ್ ಬರೋ ಮುಂಚೆ ನಿಮ್ಮ ಬೋಟೇ ಎಬ್ಬಿಸಿದ ಅಲೆ ತಣ್ಣಗಾಗ್ಲಿ, ಏರಿಯ ಕಲ್ಲಿಗೆ ಬಡಿದು ಅದೇ ಅಲೆ ತಿರುಗಿ ಬರ್ತಿರುತ್ತೆ.

ಹಂಗಂತ ಜಾಸ್ತಿ ಹೊತ್ತು ಕಾದ್ರೂ ಕಷ್ಟ ಇಲ್ಲ, ಆದ್ರೆ ಬ್ಯಾಟರಿ ಖಾಲಿ ಮಾಡ್ಕೊಂಡು ಓಡಿಸ್ತಾ ಇರಬೇಡಿ. 4ಎಸ್ ಲೈಪೋ ಫುಲ್ ಚಾರ್ಜಲ್ಲಿ 16.8 ವೋಲ್ಟ್, ಹೆಸರಿಗೆ 14.8. ಮೋಟರ್ ಸ್ಪೀಡ್ ವೋಲ್ಟಿನ ಜೊತೆ ಇಳಿಯುತ್ತೆ, ಹಂಗಾಗಿ ಟಾಪ್ ಸ್ಪೀಡ್ ಓಟ ಎರಡೂ ಮೊದಲನೇ ಒಂದು ನಿಮಿಷದ ಓಟದೊಳಗೇ ಮುಗೀಬೇಕು. ಹಳೇ ಪ್ರಾಪ್ ಫುಲ್ ಬ್ಯಾಟರಿಯಲ್ಲಿ, ಹೊಸ ಪ್ರಾಪ್ ಅರ್ಧ ಬ್ಯಾಟರಿಯಲ್ಲಿ ಅಳೆದು "ಹೊಸದು ಚೆನ್ನಾಗಿಲ್ಲ" ಅಂದ್ರೆ ಪಾಪ ಪ್ರಾಪಿಗೆ ಅನ್ಯಾಯ.

ಬಂದ ನಂಬರ್ ನಂಬೋ ಹಂಗಿದೆಯಾ ಅಂತ ಒಂದು ಲೆಕ್ಕ ಹಾಕಿ ನೋಡಿ. ಮೋಟರ್ 2000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು), ಬ್ಯಾಟರಿ 14.8 ವೋಲ್ಟ್, ಗುಣಿಸಿದ್ರೆ ನಿಮಿಷಕ್ಕೆ 29,600 ಸುತ್ತು. ಲೋಡ್ ಬಿದ್ರೆ ನೂರಕ್ಕೆ 80 ಉಳೀತು ಅನ್ಕೊಳ್ಳಿ, 23,680. ಪ್ರಾಪ್ ಅಗಲ 40 ಮಿ.ಮೀ., ಪಿಚ್ ಅದರ 1.4 ಪಟ್ಟು ಇದ್ರೆ ಒಂದು ಸುತ್ತಿಗೆ 56 ಮಿ.ಮೀ. ಮುಂದೆ ಹೋಗ್ಬೇಕು, ಅಲ್ಲಿಗೆ ಗಂಟೆಗೆ 80 ಕಿ.ಮೀ. ಆದ್ರೆ ನೀರಲ್ಲಿ ಪ್ರಾಪ್ ಜಾರುತ್ತೆ, 15ರಿಂದ 20 ಪರ್ಸೆಂಟ್ ಕಳೆದ್ರೆ 64ರಿಂದ 68. ಈ ಬೋಟಿಗೆ ಮೀಟರ್ 66 ತೋರಿಸಿದ್ರೆ ಸರಿ, 95 ತೋರಿಸಿದ್ರೆ ಮೀಟರ್‌ನ ಗ್ರಾಫ್ ಇನ್ನೊಂದ್ಸಲ ತೆಗೀರಿ.

ಎರಡು ಸೆಟಪ್ ಹೋಲಿಸುವಾಗ ಒಂದೊಂದಕ್ಕೂ ಹೋಗಿ ಬರೋ ಓಟ ಮೂರು ನಾಲ್ಕು ಸಲನಾದ್ರೂ ಮಾಡಿ, ಪ್ರತಿ ಸಲ ಫುಲ್ ಚಾರ್ಜ್ ಬ್ಯಾಟರಿ. ಒಂದೇ ಸೆಟಪ್‌ನಲ್ಲೇ ರೀಡಿಂಗ್ 61ರಿಂದ 64ರವರೆಗೆ ಓಡಾಡ್ತಿದ್ರೆ, ಹೊಸ ಪ್ರಾಪ್ 63 ಕೊಡ್ತು ಅನ್ನೋದ್ರಿಂದ ಏನೂ ಗೊತ್ತಾಗಲ್ಲ. ನಂಬರ್ ಜೊತೆಗೆ ಬ್ಯಾಟರಿ ಯಾವುದು, ಪ್ರಾಪ್ ಯಾವುದು, ಗಾಳಿ ಹೆಂಗಿತ್ತು, ಯಾವ ವಿಧಾನದಲ್ಲಿ ಅಳೆದಿದ್ದು ಅಂತ ಒಂದು ಸಾಲು ಬರೆದಿಟ್ಕೊಳ್ಳಿ. ಮತ್ತೆ ಪ್ರತಿ ಓಟ ಮುಗಿದ ತಕ್ಷಣ ಹ್ಯಾಚ್ ತೆಗೆದು ಮೋಟರ್, ಇಎಸ್‌ಸಿ, ಬ್ಯಾಟರಿ ಮೂರನ್ನೂ ಮುಟ್ಟಿ ನೋಡಿ, ಬೆರಳು ಇಟ್ಟು ಐದು ಎಣಿಸೋಕೆ ಆಗ್ತಿಲ್ಲ ಅಂದ್ರೆ ಎಷ್ಟೇ ಸ್ಪೀಡ್ ಬಂದಿರ್ಲಿ ಆ ಪ್ರಾಪ್ ಬಿಚ್ಚಿ ಒಂದು ಸೈಜ್ ಚಿಕ್ಕದು ಹಾಕಿ, ಕೂಲಿಂಗ್ ಪೈಪಲ್ಲಿ ನೀರು ಬರ್ತಿದೆಯಾ ಅಂತಲೂ ಊದಿ ನೋಡಿ.